ನೀರಿನ ದಂಡೆಯಲ್ಲಿ ಬಿಡುವಿನ ವೇಳೆ: ಓದುಗರ ಪ್ರಶ್ನೆಗಳಿಗೆ ಉತ್ತರ

ನದಿ ಮತ್ತು ಕಾಲುವೆಗಳ ದಂಡೆಯಲ್ಲಿ ಬಿಡುವಿನ ವೇಳೆಯನ್ನು ಕಳೆಯುವ ಬಗೆಯನ್ನು ಕುರಿತು ಓದುಗರಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಳ್ಳಲಾಗಿದೆ. ಒಂದೇ ವಿಷಯವನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದ ಪತ್ರಗಳನ್ನು ಒಂದೇ ಪ್ರಶ್ನೆಯಾಗಿ ಸೇರಿಸಲಾಗಿದೆ.

ಪ್ರಶ್ನೆ: ನಿವೃತ್ತಿಯ ನಂತರ ಬೆಳಗಿನ ನಡಿಗೆಗೆ ನೀರಿನ ದಂಡೆಯನ್ನು ಆರಿಸಿಕೊಳ್ಳಬೇಕೆಂದಿದ್ದೇನೆ. ಮನೆಯಿಂದ ಒಂದು ದಿಕ್ಕಿಗೆ ನದಿಯಿದೆ, ಇನ್ನೊಂದು ದಿಕ್ಕಿಗೆ ಕಾಲುವೆಯಿದೆ. ಮೊಣಕಾಲು ನೋವೂ ಇದೆ. ಯಾವುದು ಮೇಲು?

ಉತ್ತರ: ಮೊಣಕಾಲಿನ ಮಾತು ಬಂದಿರುವುದರಿಂದ ಸದ್ಯಕ್ಕೆ ಕಾಲುವೆಯನ್ನೇ ಆರಿಸಿಕೊಳ್ಳಿ. ಕಾಲುವೆ ತೋಡುವವರು ನೆಲದ ಒಂದೇ ಮಟ್ಟವನ್ನು ಹಿಡಿದುಕೊಂಡು ಸಾಗುತ್ತಾರೆ. ಗುಡ್ಡ ಅಡ್ಡ ಬಂದರೆ ಬಳಸಿಕೊಂಡು ಹೋಗುತ್ತಾರೆ, ಕಣಿವೆ ಬಂದರೆ ಮೇಲ್ಗಾಲುವೆ ಕಟ್ಟಿ ನೀರನ್ನು ದಾಟಿಸುತ್ತಾರೆ. ದೊಡ್ಡ ನೀರಾವರಿ ಕಾಲುವೆಗಳಲ್ಲಿ ಇಳಿಜಾರು ಎಷ್ಟೋ ಕಡೆ ಕಿಲೋಮೀಟರಿಗೆ 10ರಿಂದ 20 ಸೆಂಟಿಮೀಟರಿನಷ್ಟು ಮಾತ್ರ ಇರುತ್ತದೆ. ಆದ್ದರಿಂದ ಏರಿಯ ಮೇಲಿನ ದಾರಿಯೂ ಬಹುಮಟ್ಟಿಗೆ ಸಮತಟ್ಟಾಗಿದ್ದು, ಹತ್ತುವ ಇಳಿಯುವ ಶ್ರಮವಿಲ್ಲದೆ ಮೈಲುಗಟ್ಟಲೆ ನಡೆಯಬಹುದು. ನದಿಯಾದರೋ ತನ್ನ ದಾರಿಯನ್ನು ತಾನೇ ಕೊರೆದುಕೊಂಡದ್ದು. ಅದರ ದಂಡೆಯಲ್ಲಿ ಬಂಡೆ, ಕೊರಕಲು, ಕೆಸರು ಎಲ್ಲವೂ ಇರುತ್ತವೆ.

ದೋಣಿಗಳ ಸಂಚಾರಕ್ಕೆಂದು ತೋಡಿದ ಕಾಲುವೆಗಳಲ್ಲಿ ನಡಿಗೆಯ ದಾರಿಗೆ ಇನ್ನೂ ಹಳೆಯ ಕಾರಣವಿದೆ. ಇಂಜಿನ್ನುಗಳು ಬರುವ ಮೊದಲು ಸರಕಿನ ದೋಣಿಗಳನ್ನು ದಡದ ಮೇಲೆ ನಡೆಯುವ ಕುದುರೆಗಳು ಹಗ್ಗ ಕಟ್ಟಿ ಎಳೆಯುತ್ತಿದ್ದವು. ಫ್ರಾನ್ಸಿನಲ್ಲಿ 1666ರಲ್ಲಿ ಕೆಲಸ ಆರಂಭವಾಗಿ 1681ರಲ್ಲಿ ತೆರೆದ, ಸುಮಾರು 240 ಕಿಲೋಮೀಟರ್ ಉದ್ದದ ಕಾನಾಲ್ ದ್ಯು ಮಿದಿ ಮತ್ತು ಇಂಗ್ಲೆಂಡಿನಲ್ಲಿ ಮ್ಯಾಂಚೆಸ್ಟರಿಗೆ ಕಲ್ಲಿದ್ದಲು ಸಾಗಿಸಲು 1761ರಲ್ಲಿ ತೆರೆದ ಬ್ರಿಜ್‌ವಾಟರ್ ಕಾಲುವೆ, ಎರಡರ ಪಕ್ಕದಲ್ಲೂ ಅಂಥ ದಾರಿಯಿತ್ತು. ರೈಲು ಬಂದು ಸರಕನ್ನು ಕಸಿದುಕೊಂಡ ಮೇಲೆ ಕಾಲುವೆಗಳು ಹೂಳು ತುಂಬಿ ಮುಚ್ಚಿಹೋಗುವ ಸ್ಥಿತಿಗೆ ಬಂದವು. ಬ್ರಿಟನ್ನಿನಲ್ಲಿ ಅವುಗಳನ್ನು ವಿಹಾರಕ್ಕಾಗಿ ಉಳಿಸಿಕೊಳ್ಳಬೇಕೆಂದು ಹೋರಾಡಲು 1946ರಲ್ಲಿ ಇನ್‌ಲ್ಯಾಂಡ್ ವಾಟರ್‌ವೇಸ್ ಅಸೋಸಿಯೇಷನ್ ಹುಟ್ಟಿಕೊಂಡಿತು. ಕುದುರೆ ನಡೆದ ದಾರಿಯಲ್ಲಿ ಈಗ ಜನ ನಡೆಯುತ್ತಾರೆ.

ನೀರಾವರಿ ಕಾಲುವೆಯ ಏರಿ ಮಾತ್ರ ವಿಹಾರಕ್ಕೆಂದು ಕಟ್ಟಿದ್ದಲ್ಲ. ಅದು ದುರಸ್ತಿ ಮತ್ತು ತಪಾಸಣೆಯ ವಾಹನಗಳ ದಾರಿ. ಪ್ರವೇಶ ನಿಷೇಧದ ಫಲಕವಿದ್ದರೆ ಅದನ್ನು ಗೌರವಿಸಬೇಕು. ಇಲ್ಲದಿದ್ದರೂ ನೀರಿನ ಅಂಚಿನಲ್ಲಿ ನಡೆಯದೆ ಏರಿಯ ಹೊರಬದಿಯಲ್ಲಿ ನಡೆಯಬೇಕು. ಇನ್ನೊಂದು ಮಾತು: ಕಾಲುವೆಯಲ್ಲಿ ಸೇತುವೆಗಳು ದೂರ ದೂರ ಇರುವುದರಿಂದ ಸಾಮಾನ್ಯವಾಗಿ ಹೋದ ದಾರಿಯಲ್ಲೇ ಹಿಂದಿರುಗಬೇಕಾಗುತ್ತದೆ. ಕಾಲಿನಲ್ಲಿರುವ ಶಕ್ತಿಯ ಅರ್ಧ ಮುಗಿಯುವ ಮೊದಲೇ ತಿರುಗಿ ಬನ್ನಿ.

ಪ್ರಶ್ನೆ: ಸೆಕೆಗಾಲದಲ್ಲಿ ಮಕ್ಕಳು ನಾಲೆಗೆ ಇಳಿಯುತ್ತೇವೆಂದು ಹಟ ಮಾಡುತ್ತಾರೆ. ನೀರು ಸೊಂಟದ ಮಟ್ಟಕ್ಕಿರುವಂತೆ ಕಾಣುತ್ತದೆ, ಅಲೆಯೂ ಇಲ್ಲ. ನಾವು ದಡದಲ್ಲೇ ಕುಳಿತು ನೋಡಿಕೊಳ್ಳುತ್ತೇವೆ. ಅವಕಾಶ ಕೊಡಬಹುದೇ?

ಉತ್ತರ: ಕೊಡಬೇಡಿ. ನಿಮ್ಮ ಪತ್ರದಲ್ಲಿರುವ ಎರಡು ಸಮಾಧಾನಗಳೂ ನೀರಿನ ವಿಷಯದಲ್ಲಿ ನಿಲ್ಲುವುದಿಲ್ಲ.

ನೀರಿನಿಂದ ಹೊರಬರುವ ಬೆಳಕು ಮೇಲ್ಮೈಯಲ್ಲಿ ಬಾಗುವುದರಿಂದ, ನೇರ ಮೇಲಿನಿಂದ ನೋಡಿದರೂ ತಳ ಅದರ ನಿಜವಾದ ಆಳದ ಮುಕ್ಕಾಲು ಭಾಗದಲ್ಲಿರುವಂತೆ ತೋರುತ್ತದೆ. ನಾಲ್ಕು ಅಡಿ ನೀರು ಮೂರು ಅಡಿಯಂತೆ ಕಾಣುತ್ತದೆ. ದಡದಲ್ಲಿ ಕುಳಿತು ಓರೆಯಾಗಿ ನೋಡಿದರೆ ಇನ್ನೂ ಕಡಿಮೆ ಕಾಣುತ್ತದೆ. ದೊಡ್ಡವರ ಕಣ್ಣಿಗೆ ಸೊಂಟದ ಮಟ್ಟವೆನಿಸಿದ್ದು ಮಗುವಿನ ತಲೆಯ ಮೇಲೆ ಹೋಗಲು ಇಷ್ಟು ಸಾಕು. ಇನ್ನು ಅಲೆಯ ವಿಷಯ. ನದಿಯಲ್ಲಿ ನೀರು ಬಂಡೆಗೆ ಬಡಿದು ನೊರೆಯಾಗುವುದರಿಂದ ಅದರ ಸೆಳವು ಕಣ್ಣಿಗೆ ಬೀಳುತ್ತದೆ. ಕಾಂಕ್ರೀಟ್ ಹಾಸಿದ ನಾಲೆಯಲ್ಲಿ ತಡೆಯುವ ವಸ್ತುವೇ ಇಲ್ಲದ ಕಾರಣ ವೇಗದ ನೀರು ಸಹ ಗಾಜಿನಂತೆ ನುಣ್ಣಗೆ ಕಾಣುತ್ತದೆ. ಹರಿವಿನ ವೇಗ ಎರಡರಷ್ಟಾದರೆ ಅದು ಕಾಲಿನ ಮೇಲೆ ಹಾಕುವ ಒತ್ತಡ ನಾಲ್ಕರಷ್ಟಾಗುತ್ತದೆ ಎಂಬುದನ್ನೂ ಇದರ ಜೊತೆಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆದರೆ ನಾಲೆಯಲ್ಲಿ ಪ್ರಾಣ ಹೋಗುವುದು ಹೆಚ್ಚಾಗಿ ಇಳಿದದ್ದರಿಂದಲ್ಲ, ಹತ್ತಲಾಗದೆ ಹೋದದ್ದರಿಂದ. ಇಳಿಜಾರಿನ ಕಾಂಕ್ರೀಟ್ ಪಕ್ಕಗಳ ಮೇಲೆ ಪಾಚಿ ಬೆಳೆದಿರುತ್ತದೆ. ಹಿಡಿಯಲು ಬೇರಿಲ್ಲ, ಕಲ್ಲಿಲ್ಲ, ಪೊದೆಯಿಲ್ಲ. ಈಜು ಬಲ್ಲವನೂ ಅದೇ ಜಾಗದಲ್ಲಿ ಮತ್ತೆ ಮತ್ತೆ ಜಾರಿ ದಣಿಯುತ್ತಾನೆ. ಮುಂದೆ ಎಲ್ಲೋ ಒಂದು ಕಡೆ ನಾಲೆ ರಸ್ತೆಯ ಕೆಳಗೆ ಕೊಳವೆಯಲ್ಲಿ ನುಗ್ಗುತ್ತದೆ, ಇಲ್ಲವೇ ತೂಬಿನ ಬಾಗಿಲಿಗೆ ಹೋಗಿ ಬಡಿಯುತ್ತದೆ. ಅಲ್ಲಿನ ಸೆಳೆತಕ್ಕೆ ಸಿಕ್ಕವರನ್ನು ಹೊರಗೆಳೆಯುವುದು ಬಹಳ ಕಷ್ಟ. ಮೇಲಿನ ಬಾಗಿಲನ್ನು ಎತ್ತಿದಾಗ ನೀರಿನ ಮಟ್ಟ ಏರುತ್ತದೆಂಬುದು ಕೆಳಗೆ ಕುಳಿತವರಿಗೆ ಮೊದಲೇ ತಿಳಿಯುವುದೂ ಇಲ್ಲ. 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಸತ್ತವರಲ್ಲಿ ಮಕ್ಕಳ ಪಾಲು ದೊಡ್ಡದು.

ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ಉದ್ದನೆಯ ಕೋಲು, ಹಗ್ಗ, ಗಂಟು ಹಾಕಿದ ಬಟ್ಟೆ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆದು, ನೀವು ನೆಲಕ್ಕೆ ಮಲಗಿಕೊಂಡು ಎಳೆಯಿರಿ. ನಿಂತು ಎಳೆಯುವವರನ್ನು ನೀರಿನಲ್ಲಿರುವವರು ಒಳಕ್ಕೆ ಎಳೆದುಕೊಳ್ಳುತ್ತಾರೆ. ತಾವೇ ಬಿದ್ದವರು ಹರಿವಿಗೆ ಎದುರಾಗಿ ಈಜಲು ಹೋಗಬಾರದು. ಅಂಗಾತ ತೇಲಿ, ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಉಸಿರನ್ನು ಹದಕ್ಕೆ ತಂದುಕೊಂಡು, ಮೆಟ್ಟಿಲು ಅಥವಾ ಏಣಿ ಕಾಣುವ ದಡದ ಕಡೆಗೆ ಓರೆಯಾಗಿ ಸರಿಯಬೇಕು.

ನದಿಯ ನಡುವಿನ ಬಂಡೆ ಮತ್ತು ಮರಳು ದಿಣ್ಣೆಗಳ ಮೇಲೆ ಕೂರುವವರಿಗೂ ಇದರಲ್ಲಿ ಪಾಲಿದೆ. ಮೇಲೆ ಎಲ್ಲೋ ಮಳೆಯಾದಾಗ ಅಥವಾ ಅಣೆಕಟ್ಟಿನಿಂದ ನೀರು ಬಿಟ್ಟಾಗ, ತಲೆಯ ಮೇಲೆ ಬಿಸಿಲಿದ್ದರೂ ನದಿ ಏರುತ್ತದೆ. ತಿಳಿನೀರು ಇದ್ದಕ್ಕಿದ್ದಂತೆ ಬಗ್ಗಡವಾದರೆ, ಎಲೆ ಮತ್ತು ಕಡ್ಡಿಗಳು ಹೆಚ್ಚಾಗಿ ತೇಲಿ ಬಂದರೆ, ಹರಿವಿನ ಸದ್ದು ಬದಲಾದರೆ ಸಾಮಾನು ಕಟ್ಟಿಕೊಳ್ಳುತ್ತ ನಿಲ್ಲದೆ ದಡ ಸೇರಿ. ಅಡ್ಡಗಟ್ಟೆಯ ಕೆಳಗಿನ ನೊರೆ ನೀರಿಗಂತೂ ಯಾವ ಕಾಲದಲ್ಲೂ ಇಳಿಯಬಾರದು. ಧುಮುಕಿದ ನೀರು ಅಲ್ಲಿ ಮೇಲೆದ್ದು ಗಟ್ಟೆಯ ಕಡೆಗೇ ಹಿಂದಿರುಗಿ ಸುತ್ತುತ್ತಿರುವುದರಿಂದ, ಅದರಲ್ಲಿ ಸಿಕ್ಕಿಬಿದ್ದವರನ್ನು ಅದು ಬಿಟ್ಟುಕೊಡುವುದಿಲ್ಲ.

ಮಕ್ಕಳಿಗೆ ನೀರಿನ ಆಟವೇ ಬೇಡವೆಂದು ಇದರರ್ಥವಲ್ಲ. ಕಂಬಿ ಕಟ್ಟಿದ ಸೇತುವೆಯೊಂದನ್ನು ಆರಿಸಿಕೊಂಡು, ಅದರಿಂದ ಹರಿವಿನ ದಿಕ್ಕಿಗೆ ಏರಿಯ ಹೊರಬದಿಯಲ್ಲೇ 20 ಮೀಟರ್ ಅಳೆದು, ಅಲ್ಲಿ ದೊಡ್ಡವರೊಬ್ಬರು ನಿಲ್ಲಲಿ. ಮಕ್ಕಳು ಸೇತುವೆಯ ಮೇಲಿನಿಂದ ಒಣ ಕಡ್ಡಿಯನ್ನು ಬಿಟ್ಟು, ಅದು ಗುರುತನ್ನು ದಾಟಿತೆಂಬ ಕೂಗು ಕೇಳುವವರೆಗೆ ಗಡಿಯಾರ ನೋಡಲಿ. ದೂರವನ್ನು ಕಾಲದಿಂದ ಭಾಗಿಸಿದರೆ ಮೇಲ್ಮೈಯ ವೇಗ ಸಿಗುತ್ತದೆ, ಅದನ್ನು 0.85ರಿಂದ ಗುಣಿಸಿದರೆ ಒಟ್ಟು ಹರಿವಿನ ಸರಾಸರಿ ವೇಗ ಸುಮಾರಾಗಿ ಗೊತ್ತಾಗುತ್ತದೆ. ಜಲಮಾಪನದ ಕೆಲಸದವರು ಉಪಕರಣವಿಲ್ಲದಾಗ ಮಾಡುವುದೂ ಇದನ್ನೇ. ಕಡ್ಡಿ ಸೆಕೆಂಡಿಗೆ ಒಂದು ಮೀಟರ್ ಸಾಗಿದರೆ, ಆ ನೀರಿಗೆ ಎದುರಾಗಿ ಸಾಮಾನ್ಯ ಈಜುಗಾರ ಮುಂದೆ ಹೋಗಲಾರನೆಂದು ಅವರಿಗೆ ಹೇಳಿ. ನಾಲೆಗೆ ಏಕೆ ಇಳಿಯಬಾರದೆಂಬುದು ನಿಮ್ಮ ಗದರಿಕೆಗಿಂತ ಆ ಲೆಕ್ಕದಿಂದ ಚೆನ್ನಾಗಿ ಅರ್ಥವಾಗುತ್ತದೆ.

ಪ್ರಶ್ನೆ: ಎಲ್ಲರೂ ಹೊಗಳುತ್ತಾರೆಂದು ನಾನೂ ನದಿಯ ದಡಕ್ಕೆ ಹೋಗುತ್ತೇನೆ. ಅರ್ಧ ಗಂಟೆಯಲ್ಲಿ ಬೇಸರ ಬಂದು ಮೊಬೈಲ್ ತೆಗೆಯುತ್ತೇನೆ. ಅಲ್ಲಿ ನೋಡುವುದಾದರೂ ಏನು?

ಉತ್ತರ: ನೇರ ಹರಿಯುವ ಜಾಗ ಬಿಟ್ಟು ನದಿ ತಿರುಗುವ ಕಡೆ ಕುಳಿತುಕೊಳ್ಳಿ, ನೋಡಲು ಹೆಚ್ಚಿರುವುದು ಅಲ್ಲಿಯೇ. ತಿರುವಿನ ಹೊರದಡ ಕಡಿದಾಗಿ, ಮಡುಗಟ್ಟಿ, ಮಣ್ಣು ಕುಸಿಯುತ್ತಿರುತ್ತದೆ; ಒಳದಡದಲ್ಲಿ ಮರಳು ಹರಡಿರುತ್ತದೆ. ಇದರ ಕಾರಣವನ್ನು 1926ರಲ್ಲಿ ಆಲ್ಬರ್ಟ್ ಐನ್‌ಸ್ಟೀನ್ ಒಂದು ಚಿಕ್ಕ ಪ್ರಬಂಧದಲ್ಲಿ ಚಹಾ ಬಟ್ಟಲಿನ ಉದಾಹರಣೆಯಿಂದ ವಿವರಿಸಿದರು. ಚಹಾವನ್ನು ಚಮಚದಿಂದ ತಿರುಗಿಸಿ ಬಿಟ್ಟರೆ ತಳದ ಸೊಪ್ಪು ಅಂಚಿಗೆ ಹೋಗುವ ಬದಲು ನಡುವೆ ಬಂದು ಗುಡ್ಡೆಯಾಗುತ್ತದೆ. ತಳದ ದ್ರವ ಬಟ್ಟಲಿಗೆ ಉಜ್ಜಿಕೊಂಡು ನಿಧಾನವಾಗುವುದರಿಂದ ಅದು ಮೇಲಿನ ದ್ರವದಷ್ಟು ಬಲವಾಗಿ ಹೊರಕ್ಕೆ ಚಿಮ್ಮದೆ ಒಳಕ್ಕೆ ಹರಿಯುತ್ತದೆ. ನದಿಯ ತಿರುವಿನಲ್ಲೂ ಮೇಲಿನ ನೀರು ಹೊರದಡಕ್ಕೆ ಅಪ್ಪಳಿಸಿ ಕೆಳಗಿಳಿದು, ತಳದಲ್ಲಿ ಮರಳನ್ನು ಹೊತ್ತು ಒಳದಡಕ್ಕೆ ಬರುತ್ತದೆ. ಹೀಗೆ ತಿರುವು ವರ್ಷದಿಂದ ವರ್ಷಕ್ಕೆ ಬೆಳೆದು, ಕೊನೆಗೆ ಪ್ರವಾಹವೊಂದು ಅದರ ಕುತ್ತಿಗೆಯನ್ನು ಕಡಿದು ನೇರ ದಾರಿ ಮಾಡಿಕೊಂಡಾಗ, ಹಳೆಯ ಬಾಗು ಕುದುರೆ ಲಾಳದ ಆಕಾರದ ಕೆರೆಯಾಗಿ ಉಳಿಯುತ್ತದೆ. ಕುಳಿತುಕೊಳ್ಳುವುದು ಒಳದಡದಲ್ಲಿ ಕ್ಷೇಮ; ಹೊರದಡದ ಅಂಚು ಅಡಿಯಲ್ಲಿ ಟೊಳ್ಳಾಗಿರಬಹುದು.

ಆಮೇಲೆ ನೀರಿನ ಮೇಲ್ಮೈಯನ್ನು ನೋಡಿ. ಬಾಣದ ತುದಿಯಂತಹ ಗೆರೆ ಮೇಲ್ಹರಿವಿನ ಕಡೆಗೆ ಮುಖ ಮಾಡಿದ್ದರೆ ಅಲ್ಲಿ ಬಂಡೆಯೋ ಮರದ ತುಂಡೋ ಅಡಗಿದೆ; ತುದಿ ಕೆಳಹರಿವಿನ ಕಡೆಗಿದ್ದರೆ ಎರಡು ಅಡೆತಡೆಗಳ ನಡುವೆ ನೀರಿಗೆ ದಾರಿಯಿದೆ. ದೊಡ್ಡ ಬಂಡೆಯ ಹಿಂದೆ ನೀರು ಹಿಮ್ಮುಖವಾಗಿ ಸುತ್ತುತ್ತದೆ, ಅಲ್ಲಿಗೆ ಬಂದ ಎಲೆ ಸ್ವಲ್ಪ ಹೊತ್ತು ಹರಿವಿಗೆ ವಿರುದ್ಧವಾಗಿಯೇ ಸಾಗುತ್ತದೆ. ಶ್ರಮವಿಲ್ಲದೆ ನಿಲ್ಲಬಹುದಾದ ಆ ಜಾಗದಲ್ಲಿ ಮೀನುಗಳು ಹೊಂಚು ಹಾಕಿರುತ್ತವೆ, ಮೀನುಗಳಿಗಾಗಿ ಹಕ್ಕಿಗಳು ಬರುತ್ತವೆ.

ಮಿಂಚುಳ್ಳಿಯನ್ನು ಹುಡುಕಿಕೊಂಡು ಅಲೆಯುವುದು ವ್ಯರ್ಥ. ಅದಕ್ಕೆ ಮೆಚ್ಚಿನ ಕೊಂಬೆಗಳಿರುತ್ತವೆ. ಒಂದು ಕೊಂಬೆಯ ಕೆಳಗೆ ಬಿಳಿಯ ಹಿಕ್ಕೆಯ ಕಲೆಗಳು ಕಂಡರೆ ಸ್ವಲ್ಪ ದೂರದಲ್ಲಿ ಕುಳಿತಿರಿ, ಅದೇ ಬರುತ್ತದೆ. ಕಪ್ಪುಬಿಳುಪು ಬಣ್ಣದ ಮಿಂಚುಳ್ಳಿ ಮಾತ್ರ ಕೊಂಬೆಯನ್ನು ನೆಚ್ಚದೆ ಗಾಳಿಯಲ್ಲಿ ರೆಕ್ಕೆ ಬಡಿಯುತ್ತ ಒಂದೇ ಕಡೆ ನಿಂತು ನೇರ ಕೆಳಕ್ಕೆ ಬೀಳುತ್ತದೆ. ರೆಕ್ಕೆ ಹರಡಿ ಬಂಡೆಯ ಮೇಲೆ ನಿಂತ ನೀರುಕಾಗೆ ಅವನ್ನು ಒಣಗಿಸಿಕೊಳ್ಳುತ್ತಿರುತ್ತದೆ: ಅದರ ಗರಿಗಳು ನೀರನ್ನು ಹೀರಿಕೊಳ್ಳುವುದರಿಂದಲೇ ಅದಕ್ಕೆ ಸುಲಭವಾಗಿ ಮುಳುಗಲು ಸಾಧ್ಯ. ಏರೋಪ್ಲೇನ್ ಚಿಟ್ಟೆಗಳಲ್ಲಿ ಕೂತಾಗ ರೆಕ್ಕೆಗಳನ್ನು ಚಾಚಿಕೊಂಡಿರುವ ದಪ್ಪನೆಯವು ಒಂದು ಗುಂಪು, ಬೆನ್ನ ಮೇಲೆ ಜೋಡಿಸಿಕೊಳ್ಳುವ ಸಣಕಲಿನವು ಹೆಚ್ಚಾಗಿ ಇನ್ನೊಂದು ಗುಂಪು. ಎರಡರ ಮರಿಗಳೂ ಬೆಳೆಯುವುದು ನೀರಿನೊಳಗೆ. ಪಾದ ಮುಳುಗುವಷ್ಟೇ ನೀರಿರುವ ಅಂಚಿನಲ್ಲಿ ಕಲ್ಲೊಂದನ್ನು ಮಗುಚಿ ನೋಡಿ. ಮೂರು ಬಾಲದ ಎಳೆಗಳಿರುವ ಮೇಫ್ಲೈ ಮರಿ ಅಥವಾ ಎರಡು ಎಳೆಗಳಿರುವ ಸ್ಟೋನ್‌ಫ್ಲೈ ಮರಿ ಧಾರಾಳವಾಗಿ ಕಂಡರೆ ನೀರು ಶುದ್ಧವಾಗಿದೆ, ಅದರಲ್ಲಿ ಆಮ್ಲಜನಕ ಸಾಕಷ್ಟಿದೆ ಎಂಬುದಕ್ಕೆ ಅದು ಒಳ್ಳೆಯ ಸೂಚನೆ. ಕಲ್ಲನ್ನು ಇದ್ದಂತೆಯೇ ಮತ್ತೆ ಇಡಬೇಕು.

ಇಷ್ಟನ್ನೂ ಒಂದೇ ದಿನ ನೋಡಲಾಗುವುದಿಲ್ಲ, ನೋಡಬೇಕಾಗಿಯೂ ಇಲ್ಲ. ಒಂದೇ ಜಾಗಕ್ಕೆ ಬೇರೆ ಬೇರೆ ಋತುಗಳಲ್ಲಿ ಹೋಗುವವರಿಗೆ ಸಿಗುವುದು, ಪ್ರತಿ ವಾರ ಹೊಸ ಜಾಗ ಹುಡುಕುವವರಿಗೆ ಸಿಗುವುದಿಲ್ಲವೆಂದು ನನ್ನ ಅನಿಸಿಕೆ. ಬೇಸರಕ್ಕೆ ಅರ್ಧ ಗಂಟೆ ಕಡಿಮೆಯಾಯಿತು. ಬಂದವರು ಅಲುಗದೆ ಕುಳಿತಿದ್ದಾರೆಂದು ಹಕ್ಕಿಗಳಿಗೆ ನಂಬಿಕೆ ಹುಟ್ಟಲೂ ಅಷ್ಟು ಹೊತ್ತು ಬೇಕು.

ಪ್ರಶ್ನೆ: ನೀರಿನ ಹತ್ತಿರ ಕುಳಿತರೆ ಮನಸ್ಸು ಹಗುರಾಗುತ್ತದೆ ಎಂಬುದಕ್ಕೆ ವಿಜ್ಞಾನದ ಆಧಾರವಿದೆಯೇ?

ಉತ್ತರ: ಇದೆ, ಆದರೆ ಜಾಹೀರಾತುಗಳು ಹೇಳುವಷ್ಟಿಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಸುಮಾರು 300 ಜನರನ್ನು ಮೊಬೈಲ್ ಆ್ಯಪ್ ಮೂಲಕ ದಿನಕ್ಕೆ ಹಲವು ಬಾರಿ ಅವರು ಎಲ್ಲಿದ್ದಾರೆ, ಹೇಗನಿಸುತ್ತಿದೆ ಎಂದು ಕೇಳಿ, ಅದರ ಫಲಿತಾಂಶವನ್ನು 2022ರಲ್ಲಿ ಪ್ರಕಟಿಸಿದರು. ಕಾಲುವೆ ಅಥವಾ ನದಿಯ ಬಳಿ ಹೋದಾಗ ಜನರ ಮನಸ್ಸು ಹೆಚ್ಚು ನೆಮ್ಮದಿಯಿಂದಿತ್ತು, ಆ ಪರಿಣಾಮ 24 ಗಂಟೆಗಳವರೆಗೂ ಉಳಿಯಬಲ್ಲದು ಎಂದು ಕಂಡುಬಂತು. ಇಂತಹ ಅಧ್ಯಯನಗಳಿಗೆ ತಾವಾಗಿ ಮುಂದೆ ಬರುವವರು ನೀರು, ಮರ, ಹಕ್ಕಿಗಳನ್ನು ಮೊದಲೇ ಮೆಚ್ಚಿದವರಾಗಿರಬಹುದೆಂಬ ಎಚ್ಚರವೂ ಇರಬೇಕು. ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವರು ನದಿಯನ್ನು ನೆಚ್ಚಿ ವೈದ್ಯರನ್ನು ಬಿಡಬಾರದು.

ಪ್ರಶ್ನೆ: ವಿದೇಶದಲ್ಲಿರುವ ಮಗಳ ಮನೆಗೆ ಹೋದಾಗ ಕಾಲುವೆಯಲ್ಲಿ ದೋಣಿ ಬಾಡಿಗೆಗೆ ಪಡೆದು ನಾವೇ ನಡೆಸುವ ಯೋಚನೆಯಿದೆ. ಲಾಕ್ ಎಂದರೇನು? ಹೊಸಬರು ಏನನ್ನು ಗಮನಿಸಬೇಕು?

ಉತ್ತರ: ಕಾಲುವೆ ಏರು ಇಳಿತಗಳನ್ನು ದಾಟಲು ಕಟ್ಟಿದ, ಎರಡು ತುದಿಗಳಲ್ಲೂ ಬಾಗಿಲುಗಳಿರುವ ಕಟ್ಟಡದ ತೊಟ್ಟಿಯೇ ಲಾಕ್. ದೋಣಿಯನ್ನು ಒಳಗೆ ಬಿಟ್ಟುಕೊಂಡು, ಬಾಗಿಲು ಮುಚ್ಚಿ, ನೀರನ್ನು ತುಂಬಿಸಿದರೆ ದೋಣಿ ಮೇಲೇಳುತ್ತದೆ, ಬಸಿದರೆ ಕೆಳಗಿಳಿಯುತ್ತದೆ. ಚೀನಾದಲ್ಲಿ 984ರಲ್ಲಿ ಚಿಯಾವೊ ವೆಯ್‌ಯುವೆ ಎಂಬ ಅಧಿಕಾರಿ ಇದನ್ನು ಮೊದಲಿಗೆ ಕಟ್ಟಿಸಿದನೆಂದು ದಾಖಲೆಯಿದೆ. ಈಗಿನ ಲಾಕುಗಳಲ್ಲಿ ಜೋಡಿ ಬಾಗಿಲುಗಳು ಮೇಲ್ಹರಿವಿನ ಕಡೆಗೆ ಮೊನೆಯಾಗುವಂತೆ ಕೂಡುತ್ತವೆ. ನೀರಿನ ಒತ್ತಡವೇ ಅವುಗಳನ್ನು ಬಿಗಿಯಾಗಿ ಮುಚ್ಚಿಡುತ್ತದೆ. ಎರಡು ಬದಿಯ ನೀರೂ ಸಮವಾಗುವವರೆಗೆ ಎಷ್ಟು ನೂಕಿದರೂ ಬಾಗಿಲು ತೆರೆಯದು, ಸಮವಾದ ಮೇಲೆ ಒಬ್ಬರೇ ನೂಕಿ ತೆರೆಯಬಹುದು. ಅವಸರದವರಿಗೆ ಇದರಲ್ಲಿ ಮಾಡಲು ಏನೂ ಇಲ್ಲ.

ಹೊಸಬರು ಎಡವುವುದು ಇಳಿಯುವಾಗ. ಮೇಲಿನ ಬಾಗಿಲಿನ ಬುಡದಲ್ಲಿ ಕಲ್ಲು ಅಥವಾ ಕಾಂಕ್ರೀಟಿನ ಹೊಸ್ತಿಲೊಂದು ತೊಟ್ಟಿಯೊಳಕ್ಕೆ ಚಾಚಿರುತ್ತದೆ. ತುಂಬಿದ ನೀರಿನಲ್ಲಿ ಅದು ಕಾಣುವುದಿಲ್ಲ. ದೋಣಿಯ ಹಿಂಭಾಗ ಅದರ ಮೇಲಿದ್ದಾಗ ನೀರನ್ನು ಬಸಿದರೆ, ಹಿಂಭಾಗ ಅಲ್ಲೇ ನಿಂತು ಮುಂಭಾಗ ಕುಸಿದು ದೋಣಿ ಮುಳುಗುತ್ತದೆ. ಬ್ರಿಟನ್ನಿನಲ್ಲಿ ಗೋಡೆಯ ಮೇಲೆ ಇದಕ್ಕಾಗಿ ಬಿಳಿಯ ಗುರುತು ಹಾಕಿರುತ್ತಾರೆ. ದೋಣಿ ಪೂರ್ತಿಯಾಗಿ ಅದರ ಮುಂದಿರಬೇಕು. ಅಲ್ಲಿನ ಕಿರುಕಾಲುವೆಗಳ ವೇಗದ ಮಿತಿ ಸಾಮಾನ್ಯವಾಗಿ ಗಂಟೆಗೆ 4 ಮೈಲು, ಅಂದರೆ ಚುರುಕಾಗಿ ನಡೆಯುವವರ ವೇಗ. ದೋಣಿಯ ಹಿಂದೆ ಅಲೆಯೆದ್ದು ದಡಕ್ಕೆ ಬಡಿಯುತ್ತಿದ್ದರೆ ಅದೂ ಹೆಚ್ಚಾಯಿತೆಂದೇ ಅರ್ಥ, ಏಕೆಂದರೆ ಆ ಅಲೆಯೇ ದಡದ ಮಣ್ಣನ್ನು ತೊಳೆಯುವುದು.

ಸ್ಕಾಟ್ಲೆಂಡಿಗೆ ಹೋಗುವಂತಿದ್ದರೆ ಫಾಲ್ಕರ್ಕ್ ಚಕ್ರವನ್ನು ನೋಡಿ ಬನ್ನಿ. 11 ಹಳೆಯ ಲಾಕುಗಳು ಮಾಡುತ್ತಿದ್ದ ಕೆಲಸಕ್ಕಾಗಿ 2002ರಲ್ಲಿ ತೆರೆದ, 35 ಮೀಟರ್ ಎತ್ತರದ ತಿರುಗುವ ಎತ್ತುಗ ಅದು. ದೋಣಿ ತನ್ನ ತೂಕದಷ್ಟೇ ನೀರನ್ನು ಹೊರಕ್ಕೆ ತಳ್ಳುವುದರಿಂದ, ದೋಣಿಯಿರುವ ತೊಟ್ಟಿಯೂ ಬರೀ ನೀರಿರುವ ಎದುರಿನ ತೊಟ್ಟಿಯೂ ಸಮತೂಕದಲ್ಲಿದ್ದು, ಚಕ್ರ ಬಹಳ ಕಡಿಮೆ ವಿದ್ಯುತ್ತಿನಲ್ಲಿ ತಿರುಗುತ್ತದೆ.

ಪ್ರಶ್ನೆ: ತಿಳಿನೀರಿನ ಮೀನುಗಳನ್ನು ದಡದಿಂದ ಫೋಟೊ ತೆಗೆಯಲು ಹೋದರೆ ಬರೀ ಆಕಾಶದ ಹೊಳಪು ಬರುತ್ತದೆ, ಮೀನೂ ಓಡಿಹೋಗುತ್ತದೆ.

ಉತ್ತರ: ಹೊಳಪಿಗೆ ಪೋಲರೈಸಿಂಗ್ ಫಿಲ್ಟರ್ ಬೇಕು. ಮೇಲ್ಮೈಗೆ ಲಂಬವಾದ ರೇಖೆಯಿಂದ ಸುಮಾರು 53 ಡಿಗ್ರಿ ಓರೆಯಲ್ಲಿ ನೋಡಿದಾಗ ಅದು ಪ್ರತಿಫಲನವನ್ನು ಬಹುಪಾಲು ತಡೆಯುತ್ತದೆ. ಫಿಲ್ಟರನ್ನು ತಿರುಗಿಸುತ್ತ ತಳ ಕಾಣುವಲ್ಲಿ ನಿಲ್ಲಿಸಿ. ಮೀನಿಗೆ ಹೊರಗಿನ ಜಗತ್ತೆಲ್ಲ ತಲೆಯ ಮೇಲಿನ ಸುಮಾರು 97 ಡಿಗ್ರಿಯ ಶಂಕುವಿನೊಳಗೆ ಅಡಕವಾಗಿ ಕಾಣುತ್ತದೆ. ತಗ್ಗಾಗಿ ಕುಳಿತವರು ಅದರ ಅಂಚಿನಲ್ಲಿ ತೀರ ಕುಗ್ಗಿಹೋಗುತ್ತಾರೆ, ನಿಂತವರು ಸ್ಪಷ್ಟವಾಗಿ ಕಾಣುತ್ತಾರೆ. ಆದ್ದರಿಂದ ಕುಳಿತು ತೆಗೆಯಿರಿ, ನಿಮ್ಮ ನೆರಳು ನೀರಿನ ಮೇಲೆ ಬೀಳದಿರಲಿ.

ಪ್ರಶ್ನೆ: ಸಂಜೆ ನದಿಯ ಆಚೆ ದಡದವರು ಆಡುವ ಮಾತು ಪಕ್ಕದಲ್ಲೇ ಆಡಿದಂತೆ ಕೇಳುತ್ತದೆ. ಹಗಲಿನಲ್ಲಿ ಹಾಗಿರುವುದಿಲ್ಲ. ಇದು ಭ್ರಮೆಯೇ?

ಉತ್ತರ: ಭ್ರಮೆಯಲ್ಲ. ಸಂಜೆ ನೀರಿಗೆ ತಾಗಿದ ಗಾಳಿ ಮೇಲಿನ ಗಾಳಿಗಿಂತ ತಂಪಾಗಿರುವುದುಂಟು. ಬೆಚ್ಚಗಿನ ಗಾಳಿಯಲ್ಲಿ ಶಬ್ದ ವೇಗವಾಗಿ ಸಾಗುವುದರಿಂದ, ಮೇಲಕ್ಕೆ ಹೋಗಬೇಕಾದ ಶಬ್ದದ ಅಲೆಗಳು ಬಾಗಿ ಮತ್ತೆ ಕೆಳಕ್ಕೆ ಬರುತ್ತವೆ. ತಡೆಯಲು ಮರವೂ ಗೋಡೆಯೂ ಇಲ್ಲ. ನಿಮ್ಮ ಮಾತೂ ಅವರಿಗೆ ಅಷ್ಟೇ ಚೆನ್ನಾಗಿ ಕೇಳುತ್ತಿರುತ್ತದೆ.

ಪ್ರಶ್ನೆ: ಕಾಲುವೆಯ ಕಿರಿದಾದ ಏರಿಯ ಮೇಲೆ ನಡೆಯುವವರು, ಸೈಕಲ್ಲಿನವರು, ಗಾಳ ಹಾಕುವವರು ಎಲ್ಲರೂ ಸೇರಿ ದಿನವೂ ಜಗಳವಾಗುತ್ತಿದೆ. ದಾರಿ ಯಾರದು?

ಉತ್ತರ: ಸ್ಥಳೀಯ ನಿಯಮವಿದ್ದರೆ ಅದರಂತೆ, ಇಲ್ಲದಿದ್ದರೆ ನಿಧಾನವಾಗಿ ಸಾಗುವವರಿಗೆ ಮೊದಲ ಹಕ್ಕೆಂದು ಒಪ್ಪಿಕೊಳ್ಳುವುದು ಲೇಸು. ಸೈಕಲ್ಲಿನವರು ಸೇತುವೆಯ ಅಡಿ ಮತ್ತು ತಿರುವುಗಳಲ್ಲಿ ಗಂಟೆ ಬಾರಿಸಿ ಇಳಿದು ನಡೆಯಬೇಕು, ಏಕೆಂದರೆ ಅಲ್ಲಿ ಬೆಚ್ಚಿದವರು ಪಕ್ಕಕ್ಕೆ ಸರಿದರೆ ಬೀಳುವುದು ನೀರಿಗೆ. ನಡೆಯುವವರು ಸಾಲಾಗಿ ದಾರಿ ತುಂಬಿ ಹೋಗಬಾರದು, ಎರಡೂ ಕಿವಿಗಳನ್ನು ಹಾಡಿಗೆ ಕೊಟ್ಟಿರಬಾರದು. ಗಾಳ ಹಾಕುವವರು ಅನುಮತಿ ಬೇಕಾದ ಕಡೆ ಪಡೆದಿರಬೇಕು, ಕೋಲನ್ನು ದಾರಿಗೆ ಅಡ್ಡಲಾಗಿ ಇಡಬಾರದು, ಮತ್ತು ವಿದ್ಯುತ್ ತಂತಿಯ ಕೆಳಗೆ ಎಂದೂ ಕೂರಬಾರದು: ಈಗಿನ ಉದ್ದನೆಯ ಕಾರ್ಬನ್ ಕೋಲುಗಳಲ್ಲಿ ವಿದ್ಯುತ್ ಹರಿಯುತ್ತದೆ, ತಂತಿಗೆ ತಾಗುವುದೂ ಬೇಡ, ತೀರ ಹತ್ತಿರ ಹೋದರೆ ಸಾಕು. ತುಂಡಾದ ನೈಲಾನ್ ದಾರವನ್ನು ಪೊದೆಯಲ್ಲಿ ಬಿಟ್ಟು ಬಂದರೆ ಅದು ಕೊಳೆಯದೆ ಉಳಿದು ಹಕ್ಕಿಗಳ ಕಾಲಿಗೂ ಕೊಕ್ಕಿಗೂ ಸುತ್ತಿಕೊಳ್ಳುತ್ತದೆ. ಅದನ್ನು ಬಿಡಿಸಿ ಮನೆಗೆ ತಂದು, ಚಿಕ್ಕ ಚಿಕ್ಕ ತುಂಡುಗಳಾಗಿ ಕತ್ತರಿಸಿದ ಮೇಲೆ ಕಸಕ್ಕೆ ಹಾಕಿ.